ಟ್ರಾಲಿ ನಿಂತ ಮೇಲೆ

ಕಿರ್ರ್… ಕಿರ್ರ್… ಕಿರ್ರ್…

ಔಷಧಿ ಟ್ರಾಲಿಯ ಮುಂದಿನ ಎಡಗಾಲಿ ಹೀಗೆ ಕೂಗುತ್ತ ಬಾಗಿಲು ದಾಟಿತೆಂದರೆ, ವಾರ್ಡಿನಲ್ಲಿ ಮಲಗಿದ್ದವರಿಗೆ ಕಣ್ಣು ತೆರೆಯದೆಯೇ ಎಲ್ಲ ತಿಳಿಯುತ್ತಿತ್ತು. ಸದ್ದು ಉದ್ದವಾಗಿ ಎಳೆದರೆ ನರ್ಸು ದೂರದ ಮೂಲೆಗೆ ಹೊರಟಿದ್ದಾಳೆ. ತುಂಡುತುಂಡಾಗಿ ಬಂದರೆ ಮಂಚದಿಂದ ಮಂಚಕ್ಕೆ ಮಾತ್ರೆ ಕೊಡುತ್ತಿದ್ದಾಳೆ. ಅರ್ಧದಲ್ಲೇ ಕತ್ತರಿಸಿದಂತೆ ನಿಂತು, ಹಿಂದೆಯೇ ಹೆಜ್ಜೆಯ ಸದ್ದು ಓಡಿದರೆ ಯಾರಿಗೋ ಏನೋ ಆಗಿದೆ. ಆಗ ಉಳಿದವರು ತಮ್ಮ ತಮ್ಮ ನೋವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ತಲೆಯೆತ್ತಿ ನೋಡುತ್ತಿದ್ದರು.

ಆ ಗಾಲಿಯಿಂದಲೇ ಅವಳಿಗೆ ಕಿರ್ರಕ್ಕ ಎಂಬ ಹೆಸರು ಬಿದ್ದದ್ದು. ಹೆಸರಿಟ್ಟ ರೋಗಿ ಎಂದೋ ವಾಸಿಯಾಗಿ ಮನೆಗೆ ಹೋದಳು. ಹೆಸರು ಮಾತ್ರ ಇಲ್ಲೇ ಉಳಿಯಿತು. ಎದುರಿಗೆ ಸಿಸ್ಟರ್ ಎನ್ನುವವರೂ ಬೆನ್ನ ಹಿಂದೆ ಕಿರ್ರಕ್ಕ ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು. ಬೇಸರವಿರಲಿಲ್ಲ.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಮ್ಮೆ ಅವಳಿಗೆ ಊಟದ ಡಬ್ಬಿ ಕೊಡಲು ವಾರ್ಡಿಗೆ ಬಂದವನು ಆ ಗಾಲಿಯ ಕೂಗು ಕೇಳಿ ಕಿವಿ ಮುಚ್ಚಿಕೊಂಡಿದ್ದ.

"ಒಂದು ತೊಟ್ಟು ಮೆಷಿನ್ ಎಣ್ಣೆ ಕೊಡ್ತೀನಿ, ತಗೊಂಡು ಹೋಗಿ ಬಿಡೇ ಅದಕ್ಕೆ. ಸಂಜೆ ನೀನು ಮನೇಲಿ ಮಾತಾಡಿದ್ರೂ ನಂಗೆ ಅದೇ ಕೇಳ್ಸುತ್ತೆ."

"ಬೇಡ ಬಿಡಿ. ಆ ಸದ್ದಿರೋದ್ರಿಂದಲೇ ಅರ್ಧ ಜನ ಬೆಲ್ ಒತ್ತಲ್ಲ. ಹತ್ರದಲ್ಲೇ ಇದ್ದಾಳೆ, ಬರ್ತಾಳೆ ಅಂತ ಸುಮ್ನಿರ್ತಾರೆ."

"ಅಂದ್ರೆ ನರ್ಸ್ ಕಡಿಮೆ, ಸದ್ದು ಜಾಸ್ತಿ ಅನ್ನು," ಎಂದು ನಕ್ಕಿದ್ದ ಅವನು. ಹೆಂಗಸರ ಆಪರೇಷನ್ ವಾರ್ಡಿಗೆ ಊರವರು ಹೊಲಿಗೆ ವಾರ್ಡು ಎನ್ನುತ್ತಿದ್ದರು. ಅದನ್ನು ಹಿಡಿದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ: "ನಮ್ಮನೇಲಿ ಇಬ್ರದ್ದೂ ಹೊಲಿಗೆ ಕೆಲಸವೇ. ನಾನು ಹಾಕಿದ್ದು ಬಿಚ್ಚಿದ್ರೆ ಬೈತಾರೆ, ಅವಳ ವಾರ್ಡಲ್ಲಿ ಹಾಕಿದ್ದನ್ನ ಬಿಚ್ಚಿಸ್ಕೊಳ್ಳೋಕೇ ಜನ ಬರ್ತಾರೆ."

ಅವಳು ಕೆಲಸಕ್ಕೆ ಸೇರಿದಾಗ ಹಗಲು ಪಾಳಿಗೆ ಐವರು ನರ್ಸುಗಳಿದ್ದರು. ಒಬ್ಬರು ನಿವೃತ್ತರಾದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಒಬ್ಬಳು ಹೆರಿಗೆಗೆಂದು ತವರಿಗೆ ಹೋದವಳು ಅಲ್ಲೇ ಬೇರೆ ಕೆಲಸ ಹಿಡಿದಳು. ದಪ್ಪ ರೋಗಿಯೊಬ್ಬಳನ್ನು ಒಬ್ಬಳೇ ಎತ್ತಲು ಹೋಗಿ ಇನ್ನೊಬ್ಬಳ ಬೆನ್ನು ಹಿಡಿದುಕೊಂಡಿತು. ಅವಳಿಗೆ ಕುಳಿತು ಮಾಡುವ ಕೆಲಸ ಕೊಟ್ಟರು. ಉಳಿದವರು ಇಬ್ಬರು. ಮಂಚಗಳು ಮಾತ್ರ ಹಾಗೆಯೇ ಇದ್ದವು; ನಡುನಡುವೆ ಇನ್ನಷ್ಟು ತುರುಕಿದ್ದರು. ಬಾವಿಯ ನೀರು ಇಳಿಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಡ ಮುಳುಗದ ದಿನವೇ ಗೊತ್ತಾಗುವುದು.

ಕೈಗಳು ಕಡಿಮೆಯಾದಂತೆ ಒಂದೊಂದೇ ಕೆಲಸ ಸದ್ದಿಲ್ಲದೆ ಉದುರಿತು. ಮೊದಲು ಹೋದದ್ದು ಮಾತು. ಆಮೇಲೆ, ಕೈಯೆತ್ತಲಾಗದವರ ತಲೆ ಬಾಚುವುದು. ಆಮೇಲೆ, ತುತ್ತು ಇಳಿಯುವವರೆಗೆ ಪಕ್ಕದಲ್ಲಿ ಕುಳಿತು ಉಣ್ಣಿಸುವುದು. ಮೈ ಹೊರಳಿಸಲಾಗದವರನ್ನು ಹೊತ್ತುಹೊತ್ತಿಗೆ ಹೊರಳಿಸುವುದು ತಪ್ಪಿ ಬೆನ್ನುಗಳಲ್ಲಿ ಹುಣ್ಣಾದವು. ಬೆಳಿಗ್ಗೆ ಕಟ್ಟಬೇಕಾದ ಪಟ್ಟಿ ಸಂಜೆಗೆ ಹೋಗಿ ಹೊಲಿಗೆಗಳು ಕೀವಾದವು. ಬೇಗ ಮನೆಗೆ ಹೋಗಬೇಕಾದವರು ವಾರಗಟ್ಟಲೆ ಉಳಿದು ಇನ್ನಷ್ಟು ಕೆಲಸವಾದರು. ಆದರೂ ಔಷಧಿ ತಪ್ಪಲಿಲ್ಲ, ನಾಡಿ ನೋಡುವ ಸುತ್ತು ತಪ್ಪಲಿಲ್ಲ. ಅಷ್ಟನ್ನು ಕಿರ್ರಕ್ಕ ಹಲ್ಲು ಕಚ್ಚಿ ಉಳಿಸಿಕೊಂಡಿದ್ದಳು. ಮನೆ ಹತ್ತಿ ಉರಿಯುವಾಗ ಮಗುವನ್ನು ಮಾತ್ರ ಎತ್ತಿಕೊಂಡು ಹೊರಗೆ ಬರುವವರಂತೆ.

ಆ ಸುತ್ತನ್ನು ಅವಳಿಗೆ ಕಲಿಸಿದವರು ದೊಡ್ಡಕ್ಕ.

ದೊಡ್ಡಕ್ಕ ಆ ವಾರ್ಡಿನ ಹಿರಿಯ ನರ್ಸು; ಆ ಐವರಲ್ಲಿ ನಿವೃತ್ತರಾದವರು ಅವರೇ. ಕಿರ್ರಕ್ಕ ಹೊಸದಾಗಿ ಸೇರಿದಾಗ ರಕ್ತ ಕಂಡರೆ ಕಾಲು ನಡುಗುವ ಹುಡುಗಿ. ಮೊದಲ ದಿನವೇ ಗಾಯದ ಪಟ್ಟಿ ಬಿಚ್ಚುವಾಗ ತಲೆತಿರುಗಿ, ಯಾರ ಪಟ್ಟಿ ಬಿಚ್ಚುತ್ತಿದ್ದಳೋ ಆ ಮುದುಕಿಯ ಮಂಚದ ಮೇಲೆಯೇ ಕುಸಿದಿದ್ದಳು. ಮುದುಕಿ ಗಾಬರಿಯಿಂದ, "ಯಾರಾದ್ರೂ ಬನ್ರೇ, ನಿಮ್ ನರ್ಸಿಗೆ ಸೀರಿಯಸ್ಸು!" ಎಂದು ಕೂಗಿದ್ದಳಂತೆ. ಬೇರೆಯವರಾಗಿದ್ದರೆ ಬೈಯುತ್ತಿದ್ದರು. ದೊಡ್ಡಕ್ಕ ಮುಖಕ್ಕೆ ನೀರು ಚಿಮುಕಿಸಿ, ಚಹಾ ಕುಡಿಸಿ, "ಏ ಹುಡುಗಿ, ಬೀಳೋದಾದ್ರೆ ಖಾಲಿ ಮಂಚ ನೋಡ್ಕೊಂಡು ಬೀಳು," ಎಂದಿದ್ದರು.

ಅವರ ಪಾಠ ನಡೆಯುವುದು ನಡೆಯುತ್ತಲೇ. ಒಂದು ದಿನ ಸುತ್ತು ಹೋಗುವಾಗ, ನರಳುತ್ತಿದ್ದ ಹೆಂಗಸನ್ನು ದಾಟಿ, ಗೋಡೆಗೆ ಮುಖ ಮಾಡಿ ಮಲಗಿದ್ದವಳ ಬಳಿ ನಿಂತರು.

"ಹೇಗಿದ್ದೀಯಮ್ಮ?"

"ಚೆನ್ನಾಗಿದ್ದೀನಿ ಸಿಸ್ಟರ್."

ದೊಡ್ಡಕ್ಕ ನಾಡಿ ಹಿಡಿದರು. ಕೂಡಲೇ ಡಾಕ್ಟರಿಗೆ ಹೇಳಿ ಕಳಿಸಿದರು. ಆಮೇಲೆ ಕೈ ತೊಳೆಯುತ್ತ ಹೇಳಿದರು: "ಕೂಗೋರಿಗೆ ಉಸಿರಿದೆ ಅಂತ ಅರ್ಥ, ಅವರು ಒಂದು ಗಳಿಗೆ ಕಾಯ್ತಾರೆ. ಚೆನ್ನಾಗಿದ್ದೀನಿ ಅನ್ನೋರ ನಾಡಿ ಮೊದಲು ನೋಡು. ಹೆಂಗಸರು ಸಾಯೋವಾಗಲೂ ಚೆನ್ನಾಗಿದ್ದೀನಿ ಅಂತಾರೆ ಕಣೇ."

ಕಿರ್ರಕ್ಕನಿಗೆ ತಾಯಿ ಇರಲಿಲ್ಲ. ದೊಡ್ಡಕ್ಕನ ಮನೆಯಲ್ಲಿ ಒಬ್ಬಳು ಮಗಳಿದ್ದಳು. ಕಿರ್ರಕ್ಕನಿಗಿಂತ ಚಿಕ್ಕವಳು. ರಜೆಯ ದಿನ ಕಿರ್ರಕ್ಕ ಅಲ್ಲಿಗೆ ಹೋದರೆ ಮಗಳು ಬಾಗಿಲಲ್ಲೇ, "ಬಂದ್ಯಾ ಅಕ್ಕ? ನಮ್ಮಮ್ಮನ್ನ ವಾರ ಪೂರ್ತಿ ಇಟ್ಕೊಂಡಿದ್ದು ಸಾಲ್ದು ಅಂತ ಭಾನುವಾರನೂ ಬಂದ್ಯಾ?" ಎನ್ನುತ್ತಿದ್ದಳು. ನಗುತ್ತಲೇ ಅಂದ ಮಾತು. ಆದರೂ ಮಾತಿನ ತಳದಲ್ಲಿ ಒಂದು ಸಣ್ಣ ಕಲ್ಲು ಇತ್ತು.

ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ ದೊಡ್ಡಕ್ಕ ಮತ್ತೆ ವಾರ್ಡಿಗೆ ಬಂದರು, ಈ ಸಲ ರೋಗಿಯಾಗಿ. ಪಿತ್ತಕೋಶದಲ್ಲಿ ಕಲ್ಲು. "ಇಷ್ಟು ವರ್ಷ ಎಲ್ಲರ ಮಾತು ನುಂಗಿದ್ದು, ಒಳಗೆ ಗಟ್ಟಿಯಾಗಿದೆ," ಎಂದು ತಾವೇ ನಕ್ಕರು.

ಮಗಳು ಬಟ್ಟೆಯ ಚೀಲ ಹಿಡಿದು ಹಿಂದೆ ನಿಂತಿದ್ದಳು. ಅವಳು ಈಗ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು, ರಜೆ ಸಿಕ್ಕಿರಲಿಲ್ಲ. "ನೀನಿದ್ದೀಯಲ್ಲ ಅಕ್ಕ, ನಂಗೇನು ಯೋಚನೆ?" ಎಂದು ಕಿರ್ರಕ್ಕನ ಕೈ ಹಿಡಿದು ಹೇಳಿ ಹೋದಳು.

ಕಿರ್ರಕ್ಕ ಅವರಿಗೆ ತನ್ನ ಮೇಜಿನ ಪಕ್ಕದ ಮಂಚ ಕೊಡಲು ಹೋದಳು. ದೊಡ್ಡಕ್ಕ ಒಪ್ಪಲಿಲ್ಲ.

"ಅದು ಸಾಯೋರ ಜಾಗ. ನಾನಿನ್ನೂ ಆ ಯೋಚನೆ ಮಾಡಿಲ್ಲ. ಆ ಕಿಟಕಿ ಪಕ್ಕದ್ದು ಕೊಡು, ಬೆಳಕಿರುತ್ತೆ."

ಕಿಟಕಿಯ ಮಂಚ ವಾರ್ಡಿನ ತುದಿಗಿತ್ತು. ಅದರ ಪಕ್ಕದಲ್ಲಿ ತರಕಾರಿ ಮಾರುವ ಹೆಂಗಸು. ಹೊಟ್ಟೆಯ ಹೊಲಿಗೆ ಕೀವಾಗಿ ಅವಳು ಬಹಳ ದಿನದಿಂದ ಅಲ್ಲೇ ಇದ್ದಳು. ವಾರ್ಡಿಗೆ ಬಂದುಹೋಗುವವರ ಲೆಕ್ಕವೆಲ್ಲ ಅವಳ ನಾಲಗೆಯ ತುದಿಯಲ್ಲಿ. ದೊಡ್ಡಕ್ಕ ಬಂದ ಸಂಜೆಯೇ ಇಬ್ಬರೂ ಹಳೆಯ ಗೆಳತಿಯರಂತಾದರು.

ದೊಡ್ಡಕ್ಕ ಮಲಗಿದಲ್ಲಿಂದಲೇ ವಾರ್ಡನ್ನು ನೋಡುತ್ತಿದ್ದರು. ಮೊದಲ ದಿನ, "ಉಳಿದವರು ಊಟಕ್ಕೆ ಹೋಗಿದ್ದಾರಾ?" ಎಂದು ಕೇಳಿದರು. ಕಿರ್ರಕ್ಕ ನಕ್ಕುಬಿಟ್ಟಳು. ಆಮೇಲೆ ಅವರು ಕೇಳಲಿಲ್ಲ. ಆಪರೇಷನ್ನಿಗೆ ಮುಂಚಿನ ಎರಡು ದಿನ ಮಂಚದ ಮೇಲೆ ಕುಳಿತೇ ಹತ್ತಿಯ ಉಂಡೆಗಳನ್ನು ಮಾಡಿಕೊಟ್ಟರು. ಪಕ್ಕದವರು ಸುಮ್ಮನೆ ಬೆಲ್ ಒತ್ತಲು ಹೋದರೆ ಗದರುತ್ತಿದ್ದರು: "ಏನು ಬೇಕಮ್ಮ? ನೀರಾ? ನನ್ನ ಹತ್ರ ಇದೆ ತಗೋ. ಅವಳಿಗೂ ಎರಡೇ ಕಾಲಿರೋದು."

ತರಕಾರಿಯವಳು, "ರೋಗಿ ಆಗಿ ಬಂದ್ರೋ, ಮತ್ತೆ ಡ್ಯೂಟಿಗೆ ಸೇರ್ಕೊಂಡ್ರೋ?" ಎಂದು ಅಣಕಿಸಿದಳು.

ಆಪರೇಷನ್ ಸುಸೂತ್ರವಾಯಿತು. ಮಾರನೆಯ ಬೆಳಿಗ್ಗೆ ಕಿರ್ರಕ್ಕ ನಾಡಿ ನೋಡಿದಾಗ ಎಲ್ಲ ಸರಿಯಿತ್ತು. "ಕೈ ತಣ್ಣಗಿದೆ ನಿಂದು. ತಿಂಡಿ ತಿಂದಿಲ್ಲ ತಾನೆ?" ಎಂದು ದೊಡ್ಡಕ್ಕನೇ ಅವಳನ್ನು ಕೇಳಿದರು.

ಮಧ್ಯಾಹ್ನದ ಹೊತ್ತಿಗೆ ಮೇಲ್ವಿಚಾರಕಿಯ ಫೋನು ಬಂತು. ಅಪಘಾತದ ವಾರ್ಡಿಗೆ ಒಂದು ಬಸ್ಸಿನ ಜನ ಬಂದಿದ್ದಾರೆ, ಜೊತೆಯವಳನ್ನು ಸ್ವಲ್ಪ ಹೊತ್ತು ಕಳಿಸು. ಈ ಎರವಲು ಹೊಸದಲ್ಲ. ಸಕ್ಕರೆಯಂತೆ, ಸೌಟಿನಂತೆ ಒಂದು ವಾರ್ಡಿನ ನರ್ಸನ್ನು ಇನ್ನೊಂದು ವಾರ್ಡು ಎರವಲು ತರುತ್ತಿತ್ತು. ಎರವಲು ಹೋದದ್ದು ಹೊತ್ತಿಗೆ ಬರುತ್ತಿರಲಿಲ್ಲ. ಜೊತೆಯವಳು, "ಬೇಗ ಬಂದ್ಬಿಡ್ತೀನಿ ಅಕ್ಕ," ಎಂದು ಓಡಿದಳು. ಕಿರ್ರಕ್ಕ ಒಬ್ಬಳೇ ಉಳಿದಳು.

ನಾಡಿ ನೋಡುವ ಸುತ್ತಿನ ಹೊತ್ತು ಅದು. ಅವಳು ಟ್ರಾಲಿ ತಳ್ಳಿಕೊಂಡು ಹೊರಟಳು. ಎರಡು ಮಂಚ ದಾಟುವಷ್ಟರಲ್ಲಿ ಆಪರೇಷನ್ ಆದ ರೋಗಿಯೊಬ್ಬಳನ್ನು ತಂದು ಮಲಗಿಸಿದರು. ಅರೆ ಎಚ್ಚರದಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಳು, ಅವಳ ತಲೆ ಹಿಡಿಯಲು ಬೇರೆ ಯಾರೂ ಇರಲಿಲ್ಲ. ಅವಳನ್ನು ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸುತ್ತಿದ್ದಂತೆ, ರಕ್ತ ಏರಿಸುತ್ತಿದ್ದ ಹುಡುಗಿ ಗಡಗಡ ನಡುಗತೊಡಗಿದಳು. ಓಡಿ ರಕ್ತ ನಿಲ್ಲಿಸಿ, ಡಾಕ್ಟರಿಗೆ ಹೇಳಿ, ಸೂಜಿಮದ್ದು ಕೊಟ್ಟು, ಕಂಬಳಿ ಹೊದಿಸಿದಳು. ಅಷ್ಟರಲ್ಲಿ ಬಚ್ಚಲಿಗೆಂದು ತಾನೇ ಎದ್ದ ಮುದುಕಿಯೊಬ್ಬಳು ನಡುದಾರಿಯಲ್ಲಿ ಜಾರಿಬಿದ್ದಳು. "ಕರೆಯೋಣ ಅಂದ್ಕೊಂಡೆ ಮಗಳೇ, ನೀನು ಓಡಾಡ್ತಿದ್ದೆ," ಎಂದು ಮುದುಕಿ ಬಿದ್ದಲ್ಲೇ ಅತ್ತಳು.

ಮುದುಕಿಯನ್ನು ಎತ್ತಿ ಮಲಗಿಸಿ, ಟ್ರಾಲಿಯ ಹಿಡಿ ಹಿಡಿದು, ಕಿರ್ರಕ್ಕ ಕಿಟಕಿಯ ಕಡೆ ನೋಡಿದಳು. ಬಿಸಿಲು ಆ ಮಂಚದ ಮೇಲೆ ಬಿದ್ದಿತ್ತು. ದೊಡ್ಡಕ್ಕ ಅವಳನ್ನೇ ನೋಡುತ್ತಿದ್ದರು. ಅವಳು ಹುಬ್ಬೆತ್ತಿ, ಹೇಗಿದ್ದೀರಿ ಎಂದು ದೂರದಿಂದಲೇ ಕೇಳಿದಳು. ದೊಡ್ಡಕ್ಕ ಅಂಗೈ ಎತ್ತಿ ತೋರಿಸಿದರು: ಪರವಾಗಿಲ್ಲ, ಹೋಗು.

ಅವಳಿಗೆ ಜೀವ ಹಗುರವಾಯಿತು. ಒಂದು ಮಂಚದ ಚಿಂತೆ ಕಡಿಮೆಯಾಯಿತಲ್ಲ ಎಂದು. ಟ್ರಾಲಿಯನ್ನು ಈಚೆಗೆ ತಿರುಗಿಸಿದಳು.

ಆಮೇಲೆ ಇನ್ನೊಮ್ಮೆ ಆ ಕಡೆ ನೋಡಿದಾಗ ದೊಡ್ಡಕ್ಕ ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿರಬೇಕು, ಮಲಗಲಿ ಎಂದುಕೊಂಡಳು.

ಸುತ್ತು ಕಿಟಕಿಯನ್ನು ಮುಟ್ಟುವಾಗ ಬಿಸಿಲು ಮಂಚದಿಂದ ಇಳಿದು ನೆಲಕ್ಕೆ ಬಂದಿತ್ತು. "ದೊಡ್ಡಕ್ಕ," ಎಂದು ಕರೆದು, ನಾಡಿ ನೋಡಲು ಕೈ ಚಾಚಿದಳು. ಅಲ್ಲಿ ಆಗಲೇ ಬೆರಳುಗಳಿದ್ದವು. ದೊಡ್ಡಕ್ಕನ ಬಲಗೈಯ ಬೆರಳುಗಳು ಅವರದೇ ಎಡ ಮಣಿಕಟ್ಟಿನ ಮೇಲೆ, ಸರಿಯಾದ ಜಾಗದಲ್ಲಿ, ಕೂತಿದ್ದವು. ಹಣೆಯ ಮೇಲೆ ತಣ್ಣನೆಯ ಬೆವರು. ತುಟಿ ಬಿಳಿಚಿತ್ತು. ಹೊಟ್ಟೆ ಉಬ್ಬಿ ಬಿಗಿದಿತ್ತು. ಒಳಗೆ ಎಲ್ಲಿಯೋ ರಕ್ತ ಸೋರಿ ಸೋರಿ ತುಂಬಿತ್ತು.

ಆಗ ಬೆಲ್ ಒತ್ತಿದವಳು ಕಿರ್ರಕ್ಕ. ಡಾಕ್ಟರು ಓಡಿ ಬಂದರು. ಮಂಚವನ್ನೇ ತಳ್ಳಿಕೊಂಡು ಆಪರೇಷನ್ ಕೋಣೆಗೆ ಹೋದರು. ಆ ಬಾಗಿಲಿನಿಂದ ದೊಡ್ಡಕ್ಕ ಜೀವಂತವಾಗಿ ಹೊರಗೆ ಬರಲಿಲ್ಲ.

ವಿಚಾರಣೆ ಬೇಗ ಮುಗಿಯಿತು. ಮೇಲ್ವಿಚಾರಕಿ ಕಿರ್ರಕ್ಕನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಕೆಟ್ಟ ಹೆಂಗಸಲ್ಲ ಅವರು. ದೊಡ್ಡಕ್ಕನ ಕೈಕೆಳಗೇ ಕೆಲಸ ಕಲಿತವರು. ಕಣ್ಣು ಕೆಂಪಾಗಿತ್ತು.

"ಬೆಲ್ ಸರಿಯಾಗಿತ್ತು, ರೋಗಿ ಒತ್ತಲಿಲ್ಲ. ಅಷ್ಟೇ ಹೇಳಿದ್ದೀನಿ. ಮಗಳಿಗೂ ಅದನ್ನೇ ಹೇಳಿದ್ದೀನಿ. ನಿನ್ನ ಮೇಲೆ ಬರದ ಹಾಗೆ ನೋಡ್ಕೊಂಡಿದ್ದೀನಿ."

"ಮೇಡಂ, ಜೊತೆಯವಳನ್ನ ಕಳಿಸದೆ ಇದ್ದಿದ್ರೆ…"

"ಕಳಿಸದೆ ಇದ್ದಿದ್ರೆ ಅಲ್ಲೊಬ್ಬರು ಸಾಯ್ತಿದ್ರು. ಇರೋ ಕಂಬಳಿ ಒಂದು, ಮಲಗೋರು ನಾಲ್ಕು ಜನ. ಎಳ್ಕೊಂಡೋರಿಗೆ ಬೆಚ್ಚಗೆ, ಬಿಟ್ಟೋರಿಗೆ ಚಳಿ. ನಾನೇನು ನೇಯಲಾ ಕಂಬಳಿನ? ಜನ ಕೊಡಿ ಅಂತ ಕೇಳಿ ಕೇಳಿ ನನ್ನ ಬಾಯಿ ಬಿದ್ದುಹೋಗಿದೆ." ಫೈಲು ಮುಚ್ಚುತ್ತ ಹೇಳಿದರು: "ಆ ಹುಡುಗಿ ಬಂದ್ರೆ ಜಾಸ್ತಿ ಮಾತಾಡಬೇಡ. ನೀನು ನನಗೆ ಹೇಳಿದ್ದು, ನೋಡಿಯೂ ಹೋಗಲಿಲ್ಲ ಅನ್ನೋದು, ಹೊರಗೆ ಗೊತ್ತಾದ್ರೆ ನಿನ್ನ ಕೆಲಸ ಉಳಿಸೋಕೆ ನನ್ನ ಕೈಲಾಗಲ್ಲ."

ಕಿರ್ರಕ್ಕ ಸಾವಿನ ಮನೆಗೆ ಹೋಗಲಿಲ್ಲ. ಬೀದಿಯ ತಿರುವಿನವರೆಗೆ ಹೋದಳು. ಮನೆಯ ಮುಂದೆ ನಿಂತ ಜನರನ್ನೂ, ಹೊಸ್ತಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನೂ ನೋಡಿದಳು. ರೋಗಿ ಒತ್ತಲಿಲ್ಲ ಎಂಬ ಮಾತು ನಿಜ. ಆದರೆ ಆ ನಿಜವನ್ನು ಹೊತ್ತುಕೊಂಡು ಮಗಳ ಮುಂದೆ ಕೂರುವುದು ಹೇಗೆ? ಅಲ್ಲಿಂದಲೇ ತಿರುಗಿ ಬಂದಳು.

ಗಂಡ ಹೊಲಿಯುತ್ತಿದ್ದ ಬಟ್ಟೆಯನ್ನು ಬಿಟ್ಟು ಎದ್ದು ಬಂದ. "ಬಿಟ್ಟುಬಿಡು ಆ ಕೆಲಸಾನ. ನನ್ನ ಸೂಜಿಗೆ ಇಬ್ಬರ ಹೊಟ್ಟೆ ತುಂಬ್ಸೋ ಶಕ್ತಿ ಇದೆ."

"ನಾನೂ ಬಿಟ್ರೆ ಅಲ್ಲಿ ಉಳಿಯೋದು ಒಬ್ಳೇ," ಎಂದಳು. ಮತ್ತೆ, "ಆ ಎಣ್ಣೆ ಕೊಡಿ," ಎಂದಳು.

ಹಾಗೆ ಕೇಳಲು ಕಾರಣವಿತ್ತು. ಹಿಂದಿನ ದಿನ ತರಕಾರಿಯವಳ ಪಟ್ಟಿ ಬದಲಿಸುವಾಗ, ಎಂದೂ ಬಾಯಿ ಮುಚ್ಚದ ಆ ಹೆಂಗಸು ಮೊದಲು ಬಾಗಿಲ ಕಡೆ ಯಾರಾದರೂ ಬರುತ್ತಾರೋ ಎಂದು ನೋಡಿದ್ದಳು. ಆಮೇಲೆ ಕಿಟಕಿಯ ಖಾಲಿ ಮಂಚ ನೋಡುತ್ತ ಹೇಳಿದ್ದಳು:

"ಅಕ್ಕ, ನಿಂಗೊಂದು ಹೇಳ್ಬೇಕು. ಆವತ್ತು ದೊಡ್ಡಕ್ಕಂಗೆ ಬೆವರ್ತಿತ್ತು. ಬಾಯಾರಿಕೆ ಅಂತ ಎರಡು ಸಲ ನೀರು ಕೇಳಿದ್ರು, ಕುಡೀಲಿಲ್ಲ, ತುಟಿ ಒದ್ದೆ ಮಾಡ್ಕೊಂಡ್ರು. ನಾನು ಬೆಲ್ ಒತ್ತಲಾ ಅಂದೆ. ಬೇಡ ಅಂದ್ರು. 'ಆ ಗಾಲಿ ಕೇಳಿಸ್ಕೋ, ಬೆಳಿಗ್ಗೆಯಿಂದ ನಿಂತೇ ಇಲ್ಲ. ಪಾಪ, ಒಬ್ಳೇ ಇದ್ದಾಳೆ ಹುಡುಗಿ. ಟ್ರಾಲಿ ನಿಂತ ಮೇಲೆ ಕರೆಯೋಣ' ಅಂದ್ರು."

ಕಿರ್ರಕ್ಕ ಬಗ್ಗಿ ಹೊಸ ಪಟ್ಟಿ ಕಟ್ಟುತ್ತಿದ್ದಳು.

"ಅವರೇ ನರ್ಸಮ್ಮ ಅಲ್ವಾ, ಅವರಿಗೆ ಗೊತ್ತಿಲ್ದೆ ಇರುತ್ತಾ ಅಂತ ನಾನೂ ಸುಮ್ನಾದೆ. ತಮ್ಮ ಕೈ ತಾವೇ ಹಿಡ್ಕೊಂಡು ಮಲಗಿದ್ರು. ನಾನು ಒತ್ಬೇಕಿತ್ತು ಕಣಕ್ಕ. ಅವರು ಬೇಡ ಅಂದ್ರೂ ಒತ್ಬೇಕಿತ್ತು. ಬೆಳಗಾದ್ರೆ ಸಂತೇಲಿ ಊರೆಲ್ಲ ಕೇಳೋ ಹಾಗೆ ಕೂಗೋಳು ನಾನು. ಆವತ್ತೊಂದಿನ ಬಾಯಿ ಕಟ್ಕೊಂಡೆ."

ದೊಡ್ಡಕ್ಕ ಹೇಳಿಕೊಟ್ಟ ಆ ಒಂದು ಮಾತು ಅವರಿಗೇ ಒದಗಲಿಲ್ಲ. ಚೆನ್ನಾಗಿದ್ದೀನಿ ಎನ್ನುವವರನ್ನು ನಂಬಬೇಡ ಎಂದವರು, ಅಂಗೈ ಎತ್ತಿ ಚೆನ್ನಾಗಿದ್ದೀನಿ ಎಂದರು. ಕಲಿತವಳು ನಂಬಿದಳು. ಬೇರೆ ಯಾವ ರೋಗಿ ಕೈ ಎತ್ತಿದ್ದರೂ ಕಿರ್ರಕ್ಕ ಹೋಗುತ್ತಿದ್ದಳೇನೋ. ನರ್ಸಿನ ಕೈಯನ್ನು ನರ್ಸು ನಂಬಿದಳು. ನರ್ಸಿನ ಕಾಲನ್ನು ನರ್ಸು ಉಳಿಸಲು ಹೋದಳು.

ಮರುದಿನ ಎಣ್ಣೆಯ ಡಬ್ಬಿಯೊಂದಿಗೆ ವಾರ್ಡಿಗೆ ಹೋಗಿ, ಟ್ರಾಲಿಯ ಪಕ್ಕ ಮಂಡಿಯೂರಿ ಕುಳಿತಳು. ಈ ಗಾಲಿ ಕೂಗದೆ ಇದ್ದಿದ್ದರೆ ಅವರು ಕರೆಯುತ್ತಿದ್ದರು. ಮುಚ್ಚಳ ತೆಗೆದಳು.

"ಬೇಡ ಕಣಕ್ಕ," ಎಂದಳು ತರಕಾರಿಯವಳು ಮಂಚದಿಂದ. "ಗಾಲಿ ಏನು ಮಾಡುತ್ತೆ? ಇನ್ನೊಂದು ಟ್ರಾಲಿ ಇದ್ದಿದ್ರೆ, ಅದನ್ನ ತಳ್ಳೋಕೆ ಇನ್ನೊಬ್ಳು ಇದ್ದಿದ್ರೆ, ಇದೂ ಎಲ್ಲೋ ಒಂದು ಕಡೆ ನಿಲ್ತಿತ್ತು. ಆ ಸದ್ದೂ ಹೋದ್ರೆ ನೀನು ಇದ್ಯೋ ಇಲ್ವೋ ನಮಗೆ ಗೊತ್ತಾಗೋದು ಹೇಗೆ?"

ಕಿರ್ರಕ್ಕ ಡಬ್ಬಿಯನ್ನು ಟ್ರಾಲಿಯ ಕೆಳಗಿನ ಅಂತಸ್ತಿನಲ್ಲಿಟ್ಟಳು. ಅದು ಅಲ್ಲೇ ಉಳಿಯಿತು, ಹತ್ತಿ ಮತ್ತು ಪಟ್ಟಿಗಳ ನಡುವೆ.

ಮಗಳು ಬಂದದ್ದು ಇದಾದ ಕೆಲವು ದಿನಗಳ ಮೇಲೆ, ಮಧ್ಯಾಹ್ನ. ಜೊತೆಯವಳು ಮತ್ತೆ ಎರವಲು ಹೋಗಿದ್ದಳು. ಬಾಗಿಲಲ್ಲಿ ನಿಂತ ಅವಳನ್ನು ಕಿರ್ರಕ್ಕ ಕಂಡಳು. ಮೇಲ್ವಿಚಾರಕಿಯ ಮಾತೂ ನೆನಪಾಯಿತು. ತಪ್ಪಿಸಿಕೊಳ್ಳಲು ಬೇಕಾದಷ್ಟು ಕೆಲಸವಿತ್ತು. ಆದರೂ ಅವಳ ಕಡೆಗೇ ಟ್ರಾಲಿ ತಳ್ಳಿದಳು.

"ನೀವು ಮನೆಗೆ ಬರಲಿಲ್ಲ," ಎಂದಳು ಮಗಳು. ಚಿಕ್ಕಂದಿನಿಂದ ನೀನು ಎನ್ನುತ್ತಿದ್ದವಳು ಅಂದು ನೀವು ಎಂದಳು.

"ಬರೋಕೆ ಮುಖ ಇರಲಿಲ್ಲ."

"ನಂಗೆ ಒಂದೇ ಗೊತ್ತಾಗಬೇಕು. ಅಮ್ಮ ಬೆಲ್ ಒತ್ತಲಿಲ್ಲ ಅಂತಾರೆ. ಅದು ಹೇಗಾಗುತ್ತೆ? ಏನಾಗ್ತಿದೆ ಅಂತ ಅಮ್ಮಂಗೆ ತಿಳೀತಿರಲಿಲ್ವಾ? ಇಲ್ಲ, ಒತ್ತಿದ್ರೂ ನೀವು ಯಾರೂ ಬರಲಿಲ್ವಾ?"

"ನಡೀತಾ ಮಾತಾಡೋಣಮ್ಮ. ಸುತ್ತು ಬಾಕಿ ಇದೆ."

ಕಿರ್ರ್… ಕಿರ್ರ್… ಮಗಳು ಟ್ರಾಲಿಯ ಜೊತೆಗೆ ನಡೆದಳು. ಕಿರ್ರಕ್ಕ ಒಂದು ಕೈ ಹಿಡಿದಳು, ನಾಡಿ ನೋಡಿದಳು, ಬಿಟ್ಟಳು. ಮತ್ತೊಂದು. ಆ ಎರಡರ ನಡುವೆ ಮಾತು.

"ನಿಮ್ಮಮ್ಮ ಒತ್ತಲಿಲ್ಲ. ಅದು ನಿಜ. ಆದ್ರೆ ಅರ್ಧ ನಿಜ." ಮಾತ್ರೆ ಕೊಟ್ಟಳು. "ನುಂಗಿ ಅಜ್ಜಿ, ನನ್ನೆದುರಿಗೇ ನುಂಗಿ. ಹಾಂ." ಮತ್ತೆ ಟ್ರಾಲಿ ತಳ್ಳಿದಳು. "ನಾನು ಒಬ್ಳೇ ಇದ್ದೆ. ಸುತ್ತು ಹೋಗೋಕೆ ಆಗಲಿಲ್ಲ. ದೂರದಿಂದ ನೋಡಿದೆ. ಅವರು ಕೈ ಎತ್ತಿ ಪರವಾಗಿಲ್ಲ ಅಂದ್ರು. ನಾನು ಹತ್ರ ಹೋಗಲಿಲ್ಲ."

ಮಗಳ ಹೆಜ್ಜೆ ತಪ್ಪಿತು. "ನೋಡಿದ್ರಾ? ನೋಡಿದ್ರೂ ಹೋಗಲಿಲ್ವಾ?"

"ಹೋಗಲಿಲ್ಲ."

ಕಿರ್ರಕ್ಕ ಇನ್ನೆರಡು ಮಂಚದವರ ನಾಡಿ ನೋಡಿದಳು. ಗಾಲಿ ಮಾತ್ರ ಮಾತಾಡಿತು.

"ನಾನೂ ಕೌಂಟರಲ್ಲಿ ಕೂರೋಳೇ," ಎಂದಳು ಮಗಳು. "ಸಾಲು ಬಸ್ ನಿಲ್ದಾಣದ ಹೊರಗೆ ಹೋದ್ರೂ ಒಬ್ಬರನ್ನೂ ಬಿಡಲ್ಲ. ಎಲ್ಲರನ್ನೂ ನೋಡ್ತೀನಿ."

"ಸಾಲಲ್ಲಿ ನಿಂತೋರು ಮುಂದೆ ಬರ್ತಾರಮ್ಮ. ಇಲ್ಲಿ ಮಲಗಿರ್ತಾರೆ. ಸಾಲಿನ ತಲೆ ಎಲ್ಲಿದೆ ಅಂತ ನಾವೇ ಹುಡುಕ್ಬೇಕು." ಕಿರ್ರಕ್ಕ ತಲೆಯೆತ್ತಲಿಲ್ಲ. "ಅಮ್ಮಂಗೆ ತಿಳೀತಿತ್ತು. ಚೆನ್ನಾಗಿ ತಿಳೀತಿತ್ತು. ಪಕ್ಕದೋರು ಕರೀತೀನಿ ಅಂದಾಗ, ಬೇಡ, ಈ ಟ್ರಾಲಿ ನಿಂತ ಮೇಲೆ ಕರೆಯೋಣ ಅಂದ್ರಂತೆ. ನನಗೆ ತೊಂದರೆ ಆಗುತ್ತೆ ಅಂತ."

ಮಗಳು ನಕ್ಕಂತೆ ಸದ್ದು ಮಾಡಿದಳು, ಅದು ನಗುವಾಗಿರಲಿಲ್ಲ. "ಜ್ವರ ಬಂದ್ರೆ ಶಾಲೆ ಬಿಡೋವರೆಗೂ ತಡ್ಕೋ ಅಂತಿದ್ರು ನಂಗೆ. ವಾರ್ಡಲ್ಲಿ ಕಷ್ಟ ಇದೆ, ಬರೋಕಾಗಲ್ಲ ಅಂತ. ಕೊನೆಗೂ ವಾರ್ಡಿಗೇ…" ಮಾತು ಮುಗಿಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು. "ಇದನ್ನ ನಾಲ್ಕು ಜನರ ಮುಂದೆ ಹೇಳ್ತೀರಾ? ರೋಗಿ ಒತ್ತಲಿಲ್ಲ ಅಂತ ಸುಮ್ನೆ ಬಿಟ್ಟುಬಿಟ್ರೆ, ನಮ್ಮಮ್ಮಂದೇ ತಪ್ಪು ಅಂತಾಗುತ್ತೆ. ನೀವು ಒಬ್ರೇ ಇದ್ರಿ ಅಂತ ಹೇಳ್ತೀರಾ?"

"ಹೇಳ್ತೀನಿ."

"ಕೆಲಸ ಹೋಗುತ್ತೆ."

"ಹೋದ್ರೆ ಇಲ್ಲಿ ಇನ್ನೊಬ್ಳು ಕಡಿಮೆ. ಅದೊಂದೇ ಹೆದರಿಕೆ."

ತರಕಾರಿಯವಳ ಮಂಚದವರೆಗೆ ಬಂದಿದ್ದರು. ಅವಳು ಎಂದಿಲ್ಲದಂತೆ ಎದ್ದು ಕುಳಿತು, ಸುಮ್ಮನೆ ಕೈ ಜೋಡಿಸಿದಳು. ಅದರಾಚೆ ಕಿಟಕಿಯ ಮಂಚಕ್ಕೆ ಹೊಸಬಳು ಬಂದಿದ್ದಳು, ಹಿಂದಿನ ದಿನವಷ್ಟೇ ಆಪರೇಷನ್ ಆದವಳು. ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಕಿರ್ರಕ್ಕ ಅತ್ತ ತಿರುಗುವಷ್ಟರಲ್ಲಿ ಹಿಂದಿನಿಂದ ಯಾರೋ ನೋವಿಗೆ ಕೂಗಿದರು. ಅವಳು ಟ್ರಾಲಿಯನ್ನು ಹಿಂದಕ್ಕೆ ಹೊರಳಿಸಿದಳು. ಮಗಳೂ ಹೊರಳಿದಳು. ಮತ್ತೆ ಅದೇ ದಾರಿ, ಕಿರ್ರ್, ಕಿರ್ರ್. ನೋವಿನವಳಿಗೆ ಸೂಜಿಮದ್ದು ಕೊಟ್ಟು ಮುಗಿಸಿ ಇನ್ನೂ ಕೈ ಒರೆಸಿಕೊಂಡಿರಲಿಲ್ಲ, ಮಗಳು ಟ್ರಾಲಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಒಂದೇ ಒಂದು ನಿಮಿಷ ನಿಲ್ಲಕ್ಕ. ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಲು."

ಕಿರ್ರಕ್ಕ ನಿಂತಳು. ಗಾಲಿ ನಿಂತಿತು.

ವಾರ್ಡಿನಲ್ಲಿ ಒಂದು ಉಸಿರಿನಷ್ಟು ಮೌನವಾಯಿತು. ಮೇಜಿನ ಬಳಿ ಒಂದು ಬೆಲ್ ಬಾರಿಸಿತು. ಅದರ ಹಿಂದೆಯೇ ಇನ್ನೊಂದು. "ಸಿಸ್ಟರ್, ಬಿಡುವಾಯ್ತಾ?" ಎಂದು ಒಂದು ದನಿ. "ಅಮ್ಮಾ, ನೀರು," ಎಂದು ಮತ್ತೊಂದು. ಮೂರನೆಯ ಬೆಲ್. ಬಾಗಿಲ ಬಳಿಯ ಮುದುಕಿ ಮಂಚದ ಕಂಬಿಯನ್ನು ಚಮಚದಿಂದ ತಟ್ಟಿದಳು. ಎಲ್ಲರೂ ಕಾಯುತ್ತಿದ್ದರು, ಟ್ರಾಲಿ ನಿಲ್ಲಲಿ ಎಂದು.

ಮಗಳು ಸುತ್ತ ನೋಡಿದಳು. ಆ ಮಂಚಗಳನ್ನು ಅವಳು ಮೊದಲ ಸಲ ನೋಡುತ್ತಿರುವಂತಿತ್ತು. ಅವಳ ಕೈ ಹಿಡಿಯ ಮೇಲೆ ಸಡಿಲವಾಯಿತು, ಆದರೆ ಬಿಡಲಿಲ್ಲ.

"ಇದೊಂದು ಹೇಳಿಬಿಡು ಸಾಕು," ಎಂದಳು ಮೆಲ್ಲಗೆ. "ಕೊನೆಗೆ ಅಮ್ಮಂಗೆ ತುಂಬಾ ನೋವಾಯ್ತಾ? ಒಬ್ಳೇ ಇದ್ದೀನಿ ಅಂತ ಹೆದರಿಕೆ ಆಗಿತ್ತಾ?"

"ನಾನು ಹೋದಾಗ," ಎಂದಳು ಕಿರ್ರಕ್ಕ, ಅವಳ ಕಣ್ಣಲ್ಲಿ ಕಣ್ಣಿಟ್ಟು, "ನಿಮ್ಮಮ್ಮ ತಮ್ಮ ನಾಡಿ ತಾವೇ ಹಿಡ್ಕೊಂಡಿದ್ರು. ಮುಖ ಈ ಕಡೆ ಇತ್ತು. ನನಗನ್ಸುತ್ತೆ, ಅವರು ಆವಾಗ…"

ಮಗಳ ಹೆಗಲ ಮೇಲಿಂದ ಅವಳಿಗೆ ಕಿಟಕಿಯ ಮಂಚ ಕಂಡಿತು. ಬಿಸಿಲಿನಲ್ಲಿ ಆ ಮಾತಿಲ್ಲದ ಹೆಂಗಸು, ಇಷ್ಟು ಜನ ಕರೆಯುತ್ತಿರುವುದನ್ನು ನೋಡಿ, ತನ್ನ ಅಂಗೈಯನ್ನು ಮೆಲ್ಲಗೆ ಎತ್ತಿ ತೋರಿಸುತ್ತಿದ್ದಳು: ಪರವಾಗಿಲ್ಲ, ನಂದೇನಿಲ್ಲ.

ಕಿರ್ರಕ್ಕ ಮಾತನ್ನು ಅಲ್ಲೇ ಬಿಟ್ಟಳು. ಟ್ರಾಲಿಯನ್ನು ಮಗಳ ಕೈಯಲ್ಲಿ ಬಿಟ್ಟಳು. ಬಾರಿಸುತ್ತಿದ್ದ ಬೆಲ್ಲುಗಳನ್ನೂ ಚಾಚಿದ ಕೈಗಳನ್ನೂ ದಾಟಿಕೊಂಡು, ಕಿಟಕಿಯ ಕಡೆಗೆ ಓಡುವಂತೆ ನಡೆದಳು.